ಭಾವನ ಕೋವಿಗೆ ಕಣ್ಣು

ಅಮೆರಿಕದ ಒಹಾಯೊದಲ್ಲಿರುವ ನನ್ನ ಹೆಂಡತಿಯ ಅಣ್ಣ ಯಾವ ವಸ್ತುವನ್ನೂ ಸುಮ್ಮನೆ ಕೊಳ್ಳುವವರಲ್ಲ. ಮಿಕ್ಸಿ ತರಬೇಕಾದರೂ ಎಕ್ಸೆಲ್‌ನಲ್ಲಿ ಉದ್ದನೆಯ ಪಟ್ಟಿ ಮಾಡಿ, ಒಂದೊಂದು ಗುಣಕ್ಕೂ ಅಂಕ ಕೊಟ್ಟು, ಕೊನೆಗೆ ಅತಿ ದುಬಾರಿಯದನ್ನೇ ತರುವವರು. ಇಂಥವರನ್ನು ಸಹೋದ್ಯೋಗಿಯೊಬ್ಬರು ತಮ್ಮ ಜೋಳದ ಹೊಲಕ್ಕೆ ಜಿಂಕೆ ಬೇಟೆಗೆ ಕರೆದುಬಿಟ್ಟರು. ಅಲ್ಲಿ ಪರವಾನಗಿ ಪಡೆದು, ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಸರ್ಕಾರ ಹೇಳಿದ ದಿನಗಳಲ್ಲಿ ಹೊಡೆಯಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಉಳಿದಿರುವುದು ಅಜ್ಜಂದಿರ ಸುಳ್ಳುಗಳಲ್ಲಿ ಮಾತ್ರ.

ಭಾವ ಬೆಂಗಳೂರಿನಲ್ಲಿ ಬೆಳೆದವರು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಆಗ ನಾವು ಅವರ ಮನೆಯಲ್ಲಿಯೇ ಇದ್ದುದರಿಂದ, ತೋಟದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡರು. ನಮ್ಮ ಮನೆಯ ಒಂಟಿ ನಳಿಕೆ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಘೋಷಣೆಯಾದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕುಳಿತು ಬರುತ್ತದೆ. ಉಳಿದ ದಿನಗಳಲ್ಲಿ ಈಡು ಹಾರಿಸಿದರೂ ಮಂಗಗಳು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಈ ವಿವರವನ್ನೆಲ್ಲ ಭಾವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೋವಿಯ ಆಯ್ಕೆ ಬೇಗ ಮುಗಿಯಿತು. ನಡು ಮಡಚಿ ಒಂದೇ ತೋಟೆ ತುಂಬುವ ರೈಫಲ್; ಬೆಲೆ ಕಡಿಮೆ, ಕೆಡುವುದಕ್ಕೆ ಒಳಗೆ ಹೆಚ್ಚೇನೂ ಇಲ್ಲ. ಗೊಂದಲ ಶುರುವಾದದ್ದು ತೋಟೆಯಿಂದ. ಒಹಾಯೊದಲ್ಲಿ ಜಿಂಕೆಗೆ ಕಂಡ ಕಂಡ ರೈಫಲ್ ತೋಟೆ ನಡೆಯುವುದಿಲ್ಲ. ಕತ್ತು ಸಣ್ಣದಾಗದೆ ಬುಡದಿಂದ ಬಾಯಿಯವರೆಗೆ ನೆಟ್ಟಗಿರುವ ತೋಟೆಗೆ ಮಾತ್ರ ಅನುಮತಿ, ಅದೂ 2014ರಿಂದ. ಅಂಗಡಿಯ ಮುದುಕ .350 ಲೆಜೆಂಡ್ ಎಂಬ ತೋಟೆ ತೋರಿಸಿದ. 2019ರಲ್ಲಿ ವಿಂಚೆಸ್ಟರ್ ಕಂಪನಿ ತಂದದ್ದು, ಭುಜಕ್ಕೆ ಹಿತ, ಕೆಲಸಕ್ಕೆ ಸಾಕು. ಭಾವನ ಕಣ್ಣು ಬಿದ್ದದ್ದು ಪಕ್ಕದ .45-70 ಮೇಲೆ. ಅಮೆರಿಕದ ಸೈನ್ಯ 1873ರಲ್ಲಿ ತಂದ ತೋಟೆ ಅದು. ಇಂಚಿನ ನೂರರಲ್ಲಿ ನಲವತ್ತೈದು ಭಾಗ ದಪ್ಪದ ಗುಂಡು, ಹಿಂದೆ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ, ಕರಿಮದ್ದು. ಹೆಬ್ಬೆರಳಿನಷ್ಟಿದ್ದ ಅದನ್ನು ಅಂಗೈಯಲ್ಲಿ ತೂಗಿ, "ಇದಕ್ಕೆ ಇತಿಹಾಸವಿದೆ" ಎಂದು ಭಾವ ನನಗೆ ಹೇಳಿದರು. ಹಗುರ ಕೋವಿಯಲ್ಲಿ ಆ ಇತಿಹಾಸ ಭುಜಕ್ಕೇ ಬಂದು ಬಡಿಯುತ್ತದೆ ಎಂದು ಮುದುಕ ಹೇಳಿದ್ದನ್ನು ಪಟ್ಟಿಯಲ್ಲಿ ಬರೆದುಕೊಳ್ಳಲು ಕಾಲಂ ಇರಲಿಲ್ಲ.

ಆ ತೋಟೆಯ 405 ಗ್ರೇನ್ ಗುಂಡು ಎಂದರೆ ತೂಕ ಎಷ್ಟಾಯಿತು ಎಂದು ನನ್ನ ಹೆಂಡತಿ ಕೇಳಿದಳು. ಇಪ್ಪತ್ತಾರು ಗ್ರಾಂ ಎಂದೆ. "ಅಣ್ಣಾ, ಎರಡೂಕಾಲು ತೊಲ! ಒಂದೇ ಏಟಿಗೆ ಎಸೆದುಬಿಡುತ್ತೀಯಾ?" ಎಂದು ಅವಳು ಗಾಬರಿಯಾದಳು. ಸೀಸ ಎಂದು ಸಮಾಧಾನ ಮಾಡಬೇಕಾಯಿತು.

ಈ ತೋಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. 1873ರ ಕಾಲದ ಕೋವಿಗಳು ಇಂದಿಗೂ ಜನರ ಮನೆಗಳಲ್ಲಿರುವುದರಿಂದ ದೊಡ್ಡ ಕಂಪನಿಗಳು ಸಾಮಾನ್ಯ .45-70 ಅನ್ನು ಸೌಮ್ಯವಾಗಿಯೇ ತುಂಬುತ್ತವೆ. ಹೊಸ ಗಟ್ಟಿ ರೈಫಲ್‌ಗಳಿಗೆಂದು ಉಗ್ರವಾಗಿ ತುಂಬಿದವೂ ಸಿಗುತ್ತವೆ. ಜಿಂಕೆಗೆ ಸೌಮ್ಯವಾದದ್ದು ಧಾರಾಳವಾಗಿ ಸಾಕು. ಅದರಲ್ಲೇ ಒಂದು ಜಾತಿ ಹಿಡಿದು ನಾಲ್ಕಾರು ಡಬ್ಬಿ ತಂದು ಕೈ ಕುದುರಿಸಿಕೊಳ್ಳಿ ಎಂದೆ. ಭಾವ ಪ್ರತಿ ಜಾತಿಯಲ್ಲೂ ಒಂದೊಂದು ಡಬ್ಬಿ ತಂದರು: 300 ಗ್ರೇನ್, ಮೆದು ತುದಿಯ 325, 405, ಜೊತೆಗೆ ಉಗ್ರವಾದದ್ದೂ.

ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪ್ ವಿಷಯದಲ್ಲಂತೂ ಮುದುಕನಿಗೂ ಸಾಕಾಯಿತು. ಅವನು 3-9x40 ಕೊಡಲು ಬಂದ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವುದು, ಮುಂದಿನ ಗಾಜು 40 ಮಿ.ಮೀ. ಭಾವ 6-24x50 ಎತ್ತಿಕೊಂಡರು. ಅದರ ಬೆಲೆ ಕೋವಿಗಿಂತ ಹೆಚ್ಚು. ಈ ತೋಟೆಯ 405 ಗ್ರೇನ್ ಗುಂಡಿನ ಗುರಿಯನ್ನು ನೂರು ಗಜಕ್ಕೆ ಸರಿಪಡಿಸಿದರೆ ಇನ್ನೂರು ಗಜಕ್ಕೆ ಹೋಗುವಷ್ಟರಲ್ಲಿ ಗುಂಡು ಹತ್ತಿರ ಹತ್ತಿರ ಎರಡು ಅಡಿ ಕೆಳಗಿಳಿದಿರುತ್ತದೆ. ಅಷ್ಟು ದೂರ ಕಂಡು ಮಾಡುವುದೇನು? ಜಿಂಕೆ ಹೊರಬರುವುದು ಮುಸ್ಸಂಜೆಯಲ್ಲಿ. ಮುಂದಿನ ಗಾಜಿನ ಅಳತೆಯನ್ನು ಹಿಗ್ಗಿಸಿದ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಸಿಗುವ ಬೆಳಕಿನ ಕಿಂಡಿ: 40 ಅನ್ನು ನಾಲ್ಕರಿಂದ ಭಾಗಿಸಿದರೆ ಹತ್ತು ಮಿ.ಮೀ., 50 ಅನ್ನು 24ರಿಂದ ಭಾಗಿಸಿದರೆ ಬರೀ ಎರಡು. ಲೆಕ್ಕವೆಂದರೆ ಪ್ರಾಣ ಬಿಡುವ ಭಾವ ಈ ಒಂದು ಲೆಕ್ಕವನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ತಂದು ಕೂರಿಸಿದಾಗ ದೊಡ್ಡ ಗಾಜು ನಳಿಕೆಗೆ ತಾಗದಿರಲು ಸ್ಕೋಪನ್ನು ಹಿಡಿದಿಡುವ ಎತ್ತರದ ಬಳೆಗಳು ಬೇಕಾದವು. ಕಣ್ಣು ಸ್ಕೋಪಿಗೆ ಸರಿಹೋದರೆ ಕೆನ್ನೆ ಕೋವಿಯ ಹಿಡಿಯ ಮರದಿಂದ ಮೇಲೇಳುತ್ತಿತ್ತು. ಕೆನ್ನೆ ಊರಿದರೆ ಸ್ಕೋಪಿನ ಹೊಟ್ಟೆ ಕಾಣುತ್ತಿತ್ತು. ಇಂಥ ಕೋವಿಯಲ್ಲಿ ತೋಟೆಯನ್ನು ಸಿಡಿಸುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಸ್ಕೋಪಿನ ದಪ್ಪ ಹಿಂಭಾಗ ಅದರ ಮೇಲೆಯೇ ಕವುಚಿ ಕುಳಿತಿದ್ದರಿಂದ ಬೆರಳು ತೂರಲು ಸಂದಿಯೇ ಇಲ್ಲ. ಪಕ್ಕಕ್ಕೆ ಚಾಚಿಕೊಳ್ಳುವ ಪುಟ್ಟ ಕಡ್ಡಿಯೊಂದನ್ನು ಹ್ಯಾಮರಿಗೆ ಸ್ಕ್ರೂ ಹಾಕಿ ಕೂರಿಸಬೇಕಂತೆ. ಖರ್ಚಿನಲ್ಲಿ ಅತಿ ಅಗ್ಗದ್ದು ಅದೇ, ಉಪಯೋಗಕ್ಕೆ ಬಂದದ್ದೂ ಅದೇ.

ಗುರಿ ಅಭ್ಯಾಸದ ಜಾಗದಲ್ಲಿ ಭಾವ ಸ್ಕೋಪನ್ನು 24ಕ್ಕೆ ತಿರುಗಿಸಿದರು. ಚಿತ್ರ ಸಿಗಲಿಲ್ಲವೆಂದು ಮುಖವನ್ನು ಮುಂದೆ, ಇನ್ನೂ ಮುಂದೆ ತಂದರು. ಕಣ್ಣಿಗೂ ಗಾಜಿಗೂ ನಾಲ್ಕು ಇಂಚಿನಷ್ಟು ಅಂತರವಿರಲಿ ಎಂದು ನಾನು ಹೇಳುವಷ್ಟರಲ್ಲಿ ಉಗ್ರ ತೋಟೆ ಸಿಡಿಯಿತು. ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅಯ್ಯಂಗಾರರ ನಾಮದಂತೆ ಕೆಂಪು ಗೆರೆ ಎಳೆದಿತ್ತು. ಪಕ್ಕದ ಮೇಜಿನವನು ಏನೂ ಕೇಳದೆ ಚೀಲದಿಂದ ಬ್ಯಾಂಡೇಜ್ ತೆಗೆದುಕೊಟ್ಟ.

ಆಮೇಲೆ ಭಾವ ಒಂದೊಂದು ಡಬ್ಬಿಯಿಂದ ಒಂದೊಂದು ಗುಂಡು ಹೊಡೆದು, ಪ್ರತಿ ಗುಂಡಿನ ನಂತರವೂ ಸ್ಕೋಪಿನ ತಿರುಪು ತಿರುಗಿಸತೊಡಗಿದರು. ತೂಕ, ವೇಗ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಒಂದೇ ಡಬ್ಬಿಯ ಮೂರು ಹೊಡೆದು, ಅವುಗಳ ನಡುವನ್ನು ನೋಡಿ ತಿರುಗಿಸಬೇಕು. ಸಾಲದ್ದಕ್ಕೆ, ತಿರುಪಿನ ಒಂದು ಟಿಕ್ಕಿಗೆ ಗುರಿ ಕಾಲು ಇಂಚು ಸರಿಯುತ್ತದೆ ಎಂಬುದು ನೂರು ಗಜದ ಮಾತು. ನಾವು ಕುಳಿತಿದ್ದದ್ದು ಐವತ್ತರಲ್ಲಿ.

ಬೇಟೆಯ ದಿನ ಜಿಂಕೆ ಬಂತು, ನಲವತ್ತು ಗಜದಲ್ಲಿ. ಸ್ಕೋಪ್ ಇನ್ನೂ 24ರಲ್ಲೇ ಇತ್ತು. ಭಾವನಿಗೆ ಕಂಡದ್ದು ಬರೀ ಕಂದು ಕೂದಲು; ಹೊಟ್ಟೆಯೋ ತೊಡೆಯೋ ತಿಳಿಯುವಷ್ಟರಲ್ಲಿ ಅದು ಜೋಳ ತಿಂದು ಹೊರಟಿತು. ವಿಡಿಯೋ ಕರೆಯಲ್ಲಿ ಅತ್ತೆ, "ಹುಬ್ಬಿಗೆ ಏನಾಯಿತು, ಜಿಂಕೆ ಒದೆಯಿತೇ?" ಎಂದು ವಿಚಾರಿಸಿದರು.

ಜನವರಿಯಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳಿಗೆಂದೇ ಅಲ್ಲಿ ಬೇರೆ ಸೀಸನ್ ಇದೆ. ಅಂಥ ಕೋವಿಗೆ ಯಾವ ಸ್ಕೋಪ್ ಒಳ್ಳೆಯದು ಎಂದು ಭಾವ ಈಗ ಹೊಸ ಪಟ್ಟಿ ಕಳುಹಿಸಿದ್ದಾರೆ.