ಒಲಿಂಪಿಕ್ಸ್‌ಗೆ ಹೋಗ್ತೀರಾ ಅಂಕಲ್

ಒಲಿಂಪಿಕ್ಸ್ ಅಂತೆ. ಒಲಿಂಪಿಕ್ಸ್!

ರಾತ್ರಿ ಒಂದೂವರೆ. ಬೆಳಗ್ಗೆ ಏಳಕ್ಕೆ ಮಗಳನ್ನ ಸ್ಕೂಲ್ ವ್ಯಾನ್ ಹತ್ತಿಸಬೇಕು, ನಿದ್ದೆ ಹತ್ತಿರ ಸುಳೀತಿಲ್ಲ. ಇದನ್ನ ಎಲ್ಲಾದ್ರೂ ಕಕ್ಕಿಬಿಡದೇ ಇದ್ರೆ ನನಗೆ ಸಮಾಧಾನ ಇಲ್ಲ.

ದುಡ್ಡಿನ ಮಾತಲ್ಲ, ಮೊದಲೇ ಹೇಳಿಬಿಡ್ತೀನಿ. ಸಪ್ಲಿಮೆಂಟ್ ಅಂಗಡಿಗೆ ಕ್ರಿಯಾಟಿನ್ ಡಬ್ಬ ಕೊಳ್ಳೋಕೆ ಹೋಗಿದ್ದೆ, ಅದೇ ಜಿಮ್ ಹುಡುಗರು ನೀರಲ್ಲಿ ಕದಡಿ ಕುಡಿಯೋ ಬಿಳಿ ಪುಡಿ. 899 ರೂಪಾಯಿ ಹೋದ್ರೆ ಹೋಗ್ಲಿ. ಅಂಗಡಿಯವನು ಆಡಿದ ರೀತಿ ಇದೆಯಲ್ಲ, ಅದು. ಅದೂ ಆ ಮೂರು ಹುಡುಗರ ಮುಂದೆ.

ನಾನು ಕೇಳಿದ್ದಾದ್ರೂ ಏನು? ಡಬ್ಬ ತಿರುಗಿಸಿ ಬ್ಯಾಚ್ ನಂಬರ್ ಮೇಲೆ ಬೆರಳಿಟ್ಟು, "ಈ ಬ್ಯಾಚ್‌ದು ಲ್ಯಾಬ್ ರಿಪೋರ್ಟ್ ಇದೆಯೇನಪ್ಪಾ? ಇಲ್ಲಾಂದ್ರೆ ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತಿರೋ ಬೇರೆ ಡಬ್ಬ ಇದ್ರೆ ತೋರಿಸು" ಅಂದೆ. ಅಷ್ಟೇ. ಹೊರಗಿನವರು ಪರೀಕ್ಷೆ ಮಾಡಿ ಡಬ್ಬದ ಮೇಲೆ ಹಾಕೋ ಗುರುತು ಅದು. ಜೋರು ಮಾಡಲಿಲ್ಲ. ಟೊಮೇಟೊ ಆರಿಸೋವಾಗ ಕೇಳೋ ಹಾಗೆ ಕೇಳಿದ್ದು.

ಅಲ್ಲಿವರೆಗೂ ಅವನ ಬಾಯಲ್ಲಿ 'ಸಾರ್' ಇತ್ತು. ಬನ್ನಿ ಸಾರ್, ಕೂತ್ಕೊಳಿ ಸಾರ್, ಫ್ಯಾನ್ ಹಾಕ್ಲಾ ಸಾರ್. ಈ ಪ್ರಶ್ನೆ ಬಿದ್ದಿದ್ದೇ ತಡ, ಡಬ್ಬ ಕೆಳಗಿಟ್ಟ. ನನ್ನ ಮುಖ ನೋಡಿದ. ಆಮೇಲೆ ಕಣ್ಣು ನಿಧಾನಕ್ಕೆ ಇಳಿಸ್ತಾ ಬಂದು ಹೊಟ್ಟೆ ಹತ್ತಿರ ನಿಂತ. ನನ್ನ ಶರ್ಟಿನ ಕೆಳಗಿನಿಂದ ಎರಡನೇ ಗುಂಡಿ ಸ್ವಲ್ಪ ಎಳೆದಿರುತ್ತೆ, ಅದು ನನಗೂ ಗೊತ್ತು. ಅಲ್ಲೇ ನಿಂತ. ಮತ್ತೆ ಮುಖಕ್ಕೆ ಬಂದ. "ಯಾಕ್ ಅಂಕಲ್, ಒಲಿಂಪಿಕ್ಸ್‌ಗೆ ಹೋಗ್ತೀರಾ?"

ಅಂಕಲ್. ಒಂದೇ ಪ್ರಶ್ನೆಗೆ ಸಾರ್‌ನಿಂದ ಅಂಕಲ್‌ಗೆ ಇಳಿದೆ.

ಹಿಂದೆ ಬೆಂಚ್ ಮೇಲೆ ಕೂತಿದ್ದ ಮೂವರಲ್ಲಿ ಒಬ್ಬ ಶೇಕರ್‌ನಲ್ಲಿ ಏನೋ ಕುಡೀತಿದ್ದ, ಅದು ಮೂಗಿಂದ ಆಚೆ ಬಂತು. ಇನ್ನೊಬ್ಬ ಅವನ ಬೆನ್ನು ತಟ್ಟಿದ. ಮೂರನೆಯವನು ನಗಲಿಲ್ಲ, ಪಾಪ ಅನ್ನೋ ಥರ ನನ್ನ ಕಡೆ ನೋಡಿದ. ಸತ್ಯವಾಗಿ ಹೇಳ್ತೀನಿ, ನಕ್ಕವರನ್ನ ಕ್ಷಮಿಸ್ತೀನಿ, ಇವನನ್ನ ಕ್ಷಮಿಸಲ್ಲ.

ನಾನೇನು ಮಾಡಿದೆ ಗೊತ್ತಾ? ನಾನೂ ನಕ್ಕೆ. "ಹೆಹೆ, ಹಂಗಲ್ಲಪ್ಪಾ, ಸುಮ್ನೆ ಕೇಳಿದೆ" ಅಂದೆ. ಸುಮ್ನೆ! ಮೂರು ವಾರದಿಂದ ಮೊಬೈಲ್‌ನಲ್ಲಿ ಓದಿ ಓದಿ ಕಣ್ಣು ಕೆಂಪಗೆ ಮಾಡ್ಕೊಂಡು ಹೋಗಿದ್ದವನು ಸುಮ್ನೆ ಕೇಳಿದೆ ಅಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ, ನಂದು ಮೂರು ಗ್ರಾಂ ಬಿಳಿ ಪುಡಿಗೆ ಹೋಯ್ತು.

ಅಷ್ಟಕ್ಕೇ ಬಿಟ್ಟನಾ? ಇಲ್ಲ. ಅಂಕಲ್‌ಗೆ ಸಮಾಧಾನ ಮಾಡಬೇಕಲ್ಲ. ಕೂಲರ್‌ನಿಂದ ಟೀ ಕುಡಿಯೋ ಪೇಪರ್ ಲೋಟಕ್ಕೆ ತಣ್ಣೀರು ಬಿಟ್ಕೊಂಡ. ಕೌಂಟರ್ ಕೆಳಗಿದ್ದ ಓಪನ್ ಡಬ್ಬದಿಂದ ಒಂದು ಸ್ಕೂಪ್ ಹಾಕಿ, ಸ್ಟ್ರಾದಲ್ಲಿ ನಾಲ್ಕು ಸುತ್ತು ತಿರುಗಿಸಿದ. ನೀರು ತಿಳಿಯಾಯ್ತು. "ನೋಡಿ ಅಂಕಲ್, ಫುಲ್ ಕರಗ್ತು. ಡೂಪ್ಲಿಕೇಟ್ ಆಗಿದ್ರೆ ತಳದಲ್ಲಿ ನಿಲ್ತಿತ್ತು. ಇದಕ್ಕಿಂತ ಟೆಸ್ಟ್ ಬೇಕಾ?" ಹುಡುಗರು ತಲೆ ಆಡಿಸಿದರು. ನಾನೂ ಆಡಿಸಿದೆ. ಸ್ಕ್ಯಾನ್ ಮಾಡಿದೆ. ಸೌಂಡ್ ಬಾಕ್ಸು ಇಡೀ ಬೀದಿಗೆ ಕೇಳೋ ಹಾಗೆ ಎಂಟು ನೂರ ತೊಂಬತ್ತೊಂಬತ್ತು ರೂಪಾಯಿ ಬಂತು ಅಂತ ಕೂಗ್ತು.

ಈಗ ಹೇಳ್ತೀನಿ ಕೇಳಿ, ಅಲ್ಲಿ ಬಾಯಿಗೆ ಬರದೇ ಇದ್ದದ್ದು. 20 ಡಿಗ್ರಿ ನೀರಿನಲ್ಲಿ ಕ್ರಿಯಾಟಿನ್ ಮೊನೊಹೈಡ್ರೇಟ್ ಲೀಟರಿಗೆ ಹದಿನಾಲ್ಕು ಗ್ರಾಂ ಹತ್ತಿರ ಕರಗುತ್ತೆ, ಅಷ್ಟೇ. ನೀರು ತಣ್ಣಗಾದಷ್ಟೂ ಇನ್ನೂ ಕಮ್ಮಿ. ಟೀ ಲೋಟದಲ್ಲಿ ಎಷ್ಟು ನೀರು ಹಿಡಿಯುತ್ತೆ? ನೂರು ಎಂಎಲ್ ಅಂದ್ಕೊಳಿ. ಹಾಗಾದ್ರೆ ಒಂದೂವರೆ ಗ್ರಾಂ ಕರಗೋದೂ ಕಷ್ಟ. ಅವನು ಹಾಕಿದ್ದು ಮೂರು ಗ್ರಾಂ ಸ್ಕೂಪು. ಉಳಿದಿದ್ದು ರವೆ ಥರ ತಳಕ್ಕೆ ಕೂರಬೇಕಿತ್ತು. ನಾಲ್ಕು ಸುತ್ತಿಗೆ ಪೂರ್ತಿ ಮಾಯ ಆಯ್ತು ಅಂದ್ರೆ ಆ ಡಬ್ಬದಲ್ಲಿ ಇದ್ದದ್ದಾದ್ರೂ ಏನು? ಮಾಲ್ಟೊಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿ ಹಾಗೆ ಕರಗುತ್ತೆ. ಗ್ಲೂಕೋಸ್ ಕರಗುತ್ತೆ. ನಮ್ಮನೆ ಸಕ್ಕರೆ ಇನ್ನೂ ಚೆನ್ನಾಗಿ ಕರಗುತ್ತೆ! ಡೂಪ್ಲಿಕೇಟ್ ಅನ್ನೋದಕ್ಕೆ ಅವನೇ ಎಲ್ಲರೆದುರು ಸಾಕ್ಷಿ ತೋರಿಸಿ, ಅದನ್ನೇ ಒರಿಜಿನಲ್ ಅಂದ, ನಾನು ತಲೆ ಆಡಿಸಿದೆ.

ಮನೆಗೆ ಬಂದು ನನ್ನ ಡಬ್ಬ ಒಡೆದು ಒಂದು ಸ್ಕೂಪ್ ಸ್ಟೀಲ್ ಲೋಟಕ್ಕೆ ಹಾಕಿ ಕದಡಿದೆ. ತಳದಲ್ಲಿ ನಿಂತುಬಿಡ್ತು. ಇವಳು ಬಗ್ಗಿ ನೋಡಿ, "ಕರಗ್ತಾನೇ ಇಲ್ವಲ್ರೀ, ಮೋಸ ಹೋಗಿದ್ದೀರ" ಅಂದಳು. ಇಲ್ಲ ಕಣೇ, ಕರಗದೇ ಇರೋದೇ ಒಳ್ಳೇದು ಅಂತ ವಿವರಿಸೋಕೆ ಹೋದೆ. ಅವಳು ನೋಡಿದ ನೋಟ ಇದೆಯಲ್ಲ, ಅಂಗಡಿಯಲ್ಲಿ ಆ ಮೂರನೇ ಹುಡುಗ ನೋಡಿದ್ದೂ ಅದೇ ನೋಟ. ಹಾಗಂತ ನಿಂತಿದ್ದೆಲ್ಲ ಕ್ರಿಯಾಟಿನ್ನಾ? ಮರಳೂ ತಳದಲ್ಲೇ ನಿಲ್ಲುತ್ತೆ. ಲೋಟದಲ್ಲಿ ಹಾಕಿ ಕದಡೋದು ಪರೀಕ್ಷೆನೇ ಅಲ್ಲ, ಅದನ್ನೇ ಹೇಳ್ತಿರೋದು ನಾನು.

ಪರೀಕ್ಷೆ ಅಂದ್ರೆ ಎಚ್‌ಪಿಎಲ್‌ಸಿ. ಪುಡಿಯನ್ನ ಕರಗಿಸಿ, ಭಾರೀ ಒತ್ತಡದಲ್ಲಿ ಒಂದು ಸಣ್ಣ ಕೊಳವೆ ಮೂಲಕ ತಳ್ಳಿದ್ರೆ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಆಚೆ ಬರುತ್ತೆ, ಒಂದೊಂದಕ್ಕೂ ಒಂದು ಗೀಟು ಏರಿ ಇಳಿಯುತ್ತೆ. ಕ್ರಿಯಾಟಿನ್ ಎಷ್ಟು, ಅದು ಕೆಟ್ಟು ಆಗೋ ಕ್ರಿಯಾಟಿನೈನ್ ಎಷ್ಟು, ತಯಾರಿಯಲ್ಲಿ ಉಳಿದುಕೊಂಡ ಡೈಸಯಾನ್‌ಡೈಅಮೈಡ್ ಎಷ್ಟು, ಎಲ್ಲ ಬೇರೆ ಬೇರೆ ಕಾಣುತ್ತೆ. ಸೀಸ, ಆರ್ಸೆನಿಕ್, ಪಾದರಸಕ್ಕೆ ಇನ್ನೊಂದು ಯಂತ್ರ. ಬರೀ ನೈಟ್ರೋಜನ್ ಅಳೆದು ಪ್ರೋಟೀನ್ ಇಷ್ಟಿದೆ ಅಂತ ಹೇಳೋ ಹಳೇ ಪದ್ಧತಿ ನಂಬಿದ್ರೆ ಕೆಟ್ಟಿರಿ. ಕ್ರಿಯಾಟಿನ್ ತೂಕದಲ್ಲಿ ನೂರಕ್ಕೆ 32 ಪಾಲು ನೈಟ್ರೋಜನ್, ಪ್ರೋಟೀನ್‌ನಲ್ಲಿ ಅದರ ಅರ್ಧ. ಅದಕ್ಕೇ ಕಳ್ಳರು ಹಾಲಿನಿಂದ ತೆಗೆಯೋ ದುಬಾರಿ ವೇ ಪ್ರೋಟೀನ್‌ಗೆ ಅಗ್ಗದ ಕ್ರಿಯಾಟಿನ್ ಬೆರೆಸಿ ಲೆಕ್ಕ ತುಂಬಿಸಿಬಿಡ್ತಾರೆ. ಪ್ರೋಟೀನ್ ಕೊಂಡವನಿಗೆ ಕ್ರಿಯಾಟಿನ್ ಪುಕ್ಕಟೆ ಸಿಗುತ್ತೆ, ಕ್ರಿಯಾಟಿನ್ ಕೊಂಡ ನನಗೆ ಏನು ಸಿಕ್ಕಿದೆಯೋ.

(ನಮ್ಮಮ್ಮನಿಗೆ ಇದು ಮಾಂಸದ್ದಾ ಅನ್ನೋ ಚಿಂತೆ. 1832ರಲ್ಲಿ ಶೆವ್ರಲ್ ಅನ್ನೋ ಫ್ರೆಂಚ್ ವಿಜ್ಞಾನಿ ಮಾಂಸದಲ್ಲೇ ಕಂಡುಹಿಡಿದಿದ್ದು ಹೌದಮ್ಮಾ, ಆದ್ರೆ ಈಗ ಕಾರ್ಖಾನೆಯಲ್ಲಿ ಸಾರ್ಕೊಸಿನ್, ಸಯನಮೈಡ್ ಸೇರಿಸಿ ಮಾಡ್ತಾರೆ, ಹಸಿರು ಚುಕ್ಕೆ ಇದೆ ನೋಡು ಅಂದೆ. "ಸಯನೈಡಾ?" ಅಂದರು. ಅಲ್ಲಿಗೆ ಬಿಟ್ಟೆ.)

ಲೇಬಲ್ ವಿಷಯಕ್ಕೆ ಬರ್ತೀನಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 'ಲ್ಯಾಬ್ ಟೆಸ್ಟೆಡ್'. ಸರಿ, ಟೆಸ್ಟ್ ಆಯ್ತು. ರಿಸಲ್ಟ್ ಏನಪ್ಪಾ ಬಂತು? ನಮ್ಮ ಭಾಮೈದ ಎಸ್ಸೆಸ್ಸೆಲ್ಸಿ ಗಣಿತ ಮೂರು ಸಲ ಬರೆದ. ಬರೆದೆ ಅಂದ್ರೆ ಪಾಸಾದೆ ಅಂತಾನಾ?

ಪಕ್ಕದಲ್ಲಿ ಎಫ್‌ಎಸ್‌ಎಸ್‌ಎಐ, ಅಂದ್ರೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು, ಹದಿನಾಲ್ಕು ಅಂಕಿ. ಅಂಗಡಿಯವನು ಅದನ್ನೂ ತೋರಿಸಿ "ಗೌರ್ಮೆಂಟ್ ಅಪ್ರೂವ್ಡ್" ಅಂದ. ಅದು ಲೈಸೆನ್ಸ್ ನಂಬರ್ ಕಣಪ್ಪಾ, ವ್ಯಾಪಾರ ಮಾಡೋಕೆ. ಚಕ್ಲಿ ಪ್ಯಾಕೆಟ್ ಮೇಲೂ ಇರುತ್ತೆ. ಚಕ್ಲಿ ಗರಿಗರಿಯಾಗಿದೆ ಅಂತ ಸರ್ಕಾರ ಬರೆದುಕೊಟ್ಟಿದ್ದಲ್ಲ ಅದು.

ಇನ್ನು ಆನ್‌ಲೈನ್ ರೇಟಿಂಗ್ ಅಂತೂ ಕೇಳಲೇಬೇಡಿ. ಇದೇ ಡಬ್ಬಕ್ಕೆ ರಾಶಿ ರಾಶಿ ಸ್ಟಾರು. ಒಬ್ಬ ಬರೀತಾನೆ, ಪ್ಯಾಕಿಂಗ್ ಸೂಪರ್, ಒಂದೇ ದಿನಕ್ಕೆ ಬಂತು. ಇನ್ನೊಬ್ಬ, ಟೇಸ್ಟ್ ಚೆನ್ನಾಗಿದೆ. ಫ್ಲೇವರ್ ಇಲ್ಲದ ಪುಡಿ ಸ್ವಾಮಿ ಅದು! ಮತ್ತೊಬ್ಬ, "ಇನ್ನೂ ಓಪನ್ ಮಾಡಿಲ್ಲ" ಅಂತ ಬರೆದು ಐದು ಸ್ಟಾರ್ ಕೊಟ್ಟಿದ್ದಾನೆ. ಪೆಟ್ಟಿಗೆ ನೋಡಿ ಮಾವಿನಹಣ್ಣಿಗೆ ಮಾರ್ಕು ಹಾಕೋ ಜನ.

ಇಷ್ಟೆಲ್ಲ ತಿಳ್ಕೊಂಡವನು ನಾನು. ಈಗ ನಗಬೇಡಿ. ರಾತ್ರಿ ಊಟ ಆದ್ಮೇಲೆ, ನಾನು ಕೇಳಿದ ಆ ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತು ನಿಜವಾಗಿ ಏನು ನೋಡುತ್ತೆ ಅಂತ ಮತ್ತೊಮ್ಮೆ ಸರಿಯಾಗಿ ಓದಿದೆ. ಒಂದೊಂದು ಬ್ಯಾಚನ್ನೂ ಮಾರುಕಟ್ಟೆಗೆ ಬಿಡೋ ಮೊದಲು ಪರೀಕ್ಷೆ ಮಾಡ್ತಾರೆ, ಅದೆಲ್ಲ ಸರಿ. ಆದ್ರೆ ಹುಡುಕೋದು ಕ್ರೀಡೆಯಲ್ಲಿ ನಿಷೇಧ ಇರೋ ಮದ್ದು ಸೇರಿಕೊಂಡಿದೆಯಾ ಅಂತ. ಸ್ಟೀರಾಯ್ಡ್, ಉತ್ತೇಜಕ, ಆ ಥರದ್ದು. ಡೋಪಿಂಗ್ ಪರೀಕ್ಷೆಗೆ ಮೂತ್ರ ಕೊಡಬೇಕಾದ ಆಟಗಾರರಿಗೆ ಅಂತಲೇ ಇರೋ ಗುರುತು. ಡಬ್ಬದಲ್ಲಿ ಬರೆದಷ್ಟು ಕ್ರಿಯಾಟಿನ್ ಇದೆಯಾ ಅನ್ನೋ ನನ್ನ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಅಮೆರಿಕದ ಎನ್‌ಎಸ್‌ಎಫ್ ಅನ್ನೋ ಪರೀಕ್ಷಾ ಸಂಸ್ಥೆಯವರು ಸ್ಪೋರ್ಟ್ ಗುರುತು ಕೊಡೋವಾಗ ಲೇಬಲ್‌ನಲ್ಲಿರೋದು ಒಳಗಿದೆಯಾ ಅಂತಲೂ ನೋಡ್ತಾರೆ. ನಾನು ಕೇಳಬೇಕಿದ್ದದ್ದು ಅದನ್ನ.

ಅಂದ್ರೆ ಏನಾಯ್ತು? ಅವನು ಕೇಳಿದ್ದೇ ಸರಿ. ಒಲಿಂಪಿಕ್ಸ್‌ಗೆ ಹೋಗೋರು ಕೇಳೋ ಪ್ರಶ್ನೆಯನ್ನೇ ನಾನು ಕೇಳಿದ್ದು! ಅವನಿಗೆ ಅದು ಗೊತ್ತಿದ್ದು ಹೇಳಿದನೋ, ಬಾಯಿಗೆ ಬಂದದ್ದು ಹೇಳಿದನೋ, ಅದು ಗೊತ್ತಾಗದೇ ನನಗೆ ಹುಚ್ಚು ಹಿಡೀತಿದೆ. ನಲವತ್ತಮೂರು ವರ್ಷ, ಎರಡು ಮಹಡಿ ಹತ್ತಿದ್ರೆ ಏದುಸಿರು, ಹೋಗಿ ಡೋಪಿಂಗ್ ಸರ್ಟಿಫಿಕೇಟ್ ಕೇಳಿ ಬಂದಿದ್ದೀನಿ. ಹೋದ ಪುಟ್ಟ, ಬಂದ ಪುಟ್ಟ.

ಸುಮ್ಮನಿರೋಕಾಗದೆ ಸಂಜೆ ಅಲ್ಲೇ ಜ್ಯೂಸ್ ಅಂಗಡಿ ಮುಂದೆ ಸ್ಕೂಟರ್ ಮೇಲೆ ಕೂತು ಒಂದು ಲ್ಯಾಬ್‌ಗೆ ಫೋನ್ ಮಾಡಿದ್ದೆ. ಆಯಮ್ಮ ಬಹಳ ಮರ್ಯಾದೆಯಿಂದ ಮಾತಾಡಿದರು. ಸ್ಯಾಂಪಲ್ ನೂರು ಗ್ರಾಂ ಬೇಕು ಸಾರ್ ಅಂದರು. ಡಬ್ಬ ಇರೋದೇ 250 ಗ್ರಾಂ. ಫೀಸು ಹೇಳಿದ್ರು, ಅದರಲ್ಲಿ ಇಂಥ ಆರೇಳು ಡಬ್ಬ ಬರುತ್ತೆ. ಆದ್ರೂ ಸಾರ್ ಅಂದ್ರಲ್ಲ, ಮನಸ್ಸಿಗೆ ಹಿತ ಆಯ್ತು.

ಕಾನೂನಿದೆ ಅಂತಾರೆ ಕೆಲವರು. ಇದೆ, ಓದಿದೆ. 2006ರ ಆಹಾರ ಸುರಕ್ಷತೆ ಕಾಯ್ದೆ, ಸೆಕ್ಷನ್ 40. ಕೊಂಡವನು ಫೀಸು ಕಟ್ಟಿ ಫುಡ್ ಅನಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಬಹುದು, ಮಾಲು ಕಾನೂನಿಗೆ ಹೊಂದದಿದ್ರೆ ಫೀಸು ವಾಪಸ್. ಓದಿ ಎದ್ದು ಕೂತೆ. ಅದರಲ್ಲೇ ಇನ್ನೊಂದು ಸಾಲು ಏನು ಗೊತ್ತಾ? ಪರೀಕ್ಷೆಗೆ ಕೊಡ್ತೀನಿ ಅಂತ ಕೊಳ್ಳುವಾಗಲೇ ಮಾರೋನಿಗೆ ತಿಳಿಸಬೇಕು. ಕೊಳ್ಳುವಾಗಲೇ! ಬ್ಯಾಚ್ ನಂಬರ್ ಕೇಳಿದ್ದಕ್ಕೆ ಒಲಿಂಪಿಕ್ಸ್. "ತಮ್ಮಾ, ಸೆಕ್ಷನ್ 40ರ ಪ್ರಕಾರ ಇದನ್ನ ಸರ್ಕಾರಿ ಪರೀಕ್ಷೆಗೆ ಕೊಡ್ತೀನಿ" ಅಂದಿದ್ರೆ ಏನನ್ನುತ್ತಿದ್ದ? ಆ ಶೇಕರ್ ಹುಡುಗ ಅಲ್ಲೇ ಉಸಿರುಗಟ್ಟಿ ಸಾಯ್ತಿದ್ದ, ಆ ಪಾಪವೂ ನನ್ನ ತಲೆಗೆ.

ಒಂಬತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಅಂಗಡಿಯವನು ಒಂದು ಪಿಡಿಎಫ್ ಕಳಿಸಿದ. "ಅಂಕಲ್, ನೀವು ಕೇಳಿದ ರಿಪೋರ್ಟ್." ಆಸೆಯಿಂದ ತೆಗೆದೆ. ಎಲ್ಲಾ ಕಾಲಂನಲ್ಲೂ ಪಾಸು. ಬ್ಯಾಚ್ ನಂಬರ್ ಬೇರೆ. ತಾರೀಖು ಎರಡು ವರ್ಷ ಹಿಂದಿನದು. ಸ್ಯಾಂಪಲ್ ಕೊಟ್ಟವರು ಯಾರು ಅನ್ನೋ ಕಡೆ ಕಂಪನಿಯ ಹೆಸರೇ. ಕೆಳಗೆ ಇರುವೆ ಅಕ್ಷರದಲ್ಲಿ, ಈ ಫಲಿತಾಂಶ ಕೊಟ್ಟ ಸ್ಯಾಂಪಲ್‌ಗೆ ಮಾತ್ರ ಅನ್ವಯ ಅಂತ. ಲ್ಯಾಬ್‌ನವರು ನಿಯತ್ತಿನಿಂದ ಬರೆದಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಅಂಗಳದಿಂದ ತಾವೇ ಆರಿಸಿ ಕಳಿಸಿದ ಡಬ್ಬಕ್ಕೆ ಪಾಸು ಬರದೇ ಇರುತ್ತಾ? ಅಮೆರಿಕದಲ್ಲಿ ಕನ್ಸ್ಯೂಮರ್‌ಲ್ಯಾಬ್ ಅಂತ ಇದೆ, ನಮ್ಮ ನಿಮ್ಮ ಹಾಗೆ ಅಂಗಡಿಯಿಂದ ಕೊಂಡು ಪರೀಕ್ಷೆ ಮಾಡ್ತಾರೆ. ಪರೀಕ್ಷೆ ಅಂದ್ರೆ ಅದು.

ಈಗ ಯಾರಾದ್ರೂ ಹೇಳ್ರಪ್ಪಾ. ನನ್ನ ಕೈಯಲ್ಲಿರೋ ಈ ಡಬ್ಬ, ಈ ಬ್ಯಾಚು, ಇದರಲ್ಲಿ ಏನಿದೆ ಅಂತ ನಾನು ಯಾರನ್ನ ಕೇಳಬೇಕು? ಕಂಪನಿಗೆ ಮೇಲ್ ಹಾಕಿದೆ, "ನಿಮ್ಮ ಆರೋಗ್ಯವೇ ನಮ್ಮ ಧ್ಯೇಯ" ಅಂತ ಯಂತ್ರ ಉತ್ತರ ಕೊಡ್ತು. ಮುಚ್ಚಳದ ಒಳಗಿನ ಕೋಡ್ ಕೆರೆದು ಹಾಕಿದೆ, ಇದು ಅಸಲಿ ಅಂತ ಹಸಿರು ಟಿಕ್ ಬಂತು. ಸ್ಟಿಕರ್ ಅಸಲಿ ಅಂತ ಸ್ಟಿಕರ್ ಹೇಳ್ತು. ಪುಡಿ?

ಆ ಅಂಗಡಿ ಕಡೆ ತಲೆ ಹಾಕಿ ಮಲಗಲ್ಲ ಇನ್ಮೇಲೆ. ಅಥವಾ ಹೋಗ್ತೀನೋ ಏನೋ, ಆಫೀಸಿಂದ ಬರೋ ದಾರಿ, ಸ್ಕೂಟರ್ ನಿಲ್ಲಿಸೋಕೂ ಜಾಗ ಇದೆ. ಮತ್ತೆ 899 ರೂಪಾಯಿ ಏನು ಕಮ್ಮಿನಾ? ಮನೆಗೆ ಒಂದು ವಾರದ ತರಕಾರಿ ಅದು. ಬಿಸಾಡೋಕಾಗುತ್ತಾ? ಸ್ಟೀಲ್ ಲೋಟದಲ್ಲಿದ್ದಿದ್ದನ್ನ ಬಿಸಿನೀರು ಬೆರೆಸಿ ಕುಡಿದುಬಿಟ್ಟೆ. ಕೊನೇ ಗುಟುಕಲ್ಲಿ ಹಲ್ಲಿಗೆ ಕರಕರ ಅಂತು.

ಪಿಡಿಎಫ್ ಕೆಳಗೆ ಇನ್ನೊಂದು ಮೆಸೇಜು ಇತ್ತು, ಈಗ ನೋಡಿದೆ. "ಅಂಕಲ್ ಪ್ಲೀಸ್, ಗೂಗಲ್‌ನಲ್ಲಿ ಫೈವ್ ಸ್ಟಾರ್ ಹಾಕಿ." ಜೊತೆಗೆ ಕೈಮುಗಿಯೋ ಚಿತ್ರ ಬೇರೆ.

ಒಂದು ಹಾಕಿದೆ. ಹತ್ತು ನಿಮಿಷ ನೋಡ್ತಾ ಕೂತೆ. ಮೂರು ಮಾಡಿದೆ. ಆಮೇಲೆ ನಾಲ್ಕು. ಡಬ್ಬನ ಎರಡು ಕವರ್‌ನಲ್ಲಿ ಸುತ್ತಿ, ಹ್ಯಾಂಡಲ್‌ಗೆ ಸಿಗಿಸೋಕೆ ಅನುಕೂಲ ಆಗೋ ಹಾಗೆ ಗಂಟು ಹಾಕಿಕೊಟ್ಟಿದ್ದ.