ಬುಡಾಪೆಸ್ಟ್‌ನ ರಾತ್ರಿ: ಅಂದೇ ಪರಿಚಯವಾದವರ ಜೊತೆ ಹೋಗಬೇಕೇ?

ಹಂಗೇರಿಯ ರಾಜಧಾನಿಗೆ ಒಬ್ಬರೇ ಹೋಗಿದ್ದೀರಿ. ಹಗಲು ಪರಿಚಯವಾದ ಊರಿನವರು "ರಾತ್ರಿ ನಮ್ಮ ಜೊತೆ ಬನ್ನಿ" ಎನ್ನುತ್ತಾರೆ. ಹೋಗುವುದೋ, ಬಿಡುವುದೋ?

ಪರ: ಹೋಗಿ, ಆದರೆ ಜಾಗ ನೋಡಿ ಹೋಗಿ

ಬುಡಾಪೆಸ್ಟ್‌ನ ರಾತ್ರಿ ಎಂದರೆ ಏಳನೇ ಜಿಲ್ಲೆಯ ಪಾಳು ಕಟ್ಟಡಗಳಲ್ಲಿ ಎದ್ದ ಬಾರ್‌ಗಳು ಎಂದು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಹೆಸರಾದದ್ದು ಸಿಂಪ್ಲಾ ಕೆರ್ಟ್. 2004ರಿಂದ ಅದು ಕಾಜಿಂತ್ಸಿ ಬೀದಿಯ ಒಂದು ಹಳೆಯ ಒಲೆ ಕಾರ್ಖಾನೆಯಲ್ಲಿದೆ. ಅಲ್ಲಿಗೆ ಹೋಗಲು ಯಾರ ಜೊತೆಯೂ ಬೇಡ, ಬಾಗಿಲು ತೆರೆದೇ ಇರುತ್ತದೆ. ಊರಿನವರು ಬೇಕಾಗುವುದು ಬೇರೆ ಕಡೆ.

ಉದಾಹರಣೆಗೆ ತಾಂತ್ಸ್‌ಹಾಜ್, ಅಂದರೆ ಕುಣಿತದ ಮನೆ. ಹಳ್ಳಿಗಳಲ್ಲಿ, ಅದರಲ್ಲೂ ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ ಹಳ್ಳಿಗಳಲ್ಲಿ ಉಳಿದಿದ್ದ ಜೋಡಿ ಕುಣಿತಗಳನ್ನು ನಗರದ ಯುವಕರು ಕಲಿತುಬಂದು 1972ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಬಾರಿಗೆ ಇಂಥ ಕೂಟ ನಡೆಸಿದರು. ಇದು ಪ್ರದರ್ಶನವಲ್ಲ, ಬಂದವರೆಲ್ಲ ಕುಣಿಯಬೇಕು. ಈ ಕಲಿಸುವ ಕ್ರಮವನ್ನು ಯುನೆಸ್ಕೊ 2011ರಲ್ಲಿ ಮಾದರಿ ಎಂದು ತನ್ನ ಪಟ್ಟಿಗೆ ಸೇರಿಸಿತು. ಹನ್ನೊಂದನೇ ಜಿಲ್ಲೆಯ ಫೊನೊ ಸಂಗೀತ ಮನೆ ಇದಕ್ಕೆ ಹೆಸರಾದ ಜಾಗಗಳಲ್ಲೊಂದು. ಸಾಮಾನ್ಯವಾಗಿ ಮೊದಲು ಹೆಜ್ಜೆ ಕಲಿಸುತ್ತಾರೆ, ಆಮೇಲೆ ಮುಕ್ತ ಕುಣಿತ. ಪಿಟೀಲು ರಾಗ ಹಿಡಿದರೆ, ಕೊಂತ್ರಾ ಎಂಬ ಮೂರು ತಂತಿಯ ವಾದ್ಯ ತಾಳ ತುಂಬುತ್ತದೆ. ಅದರ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಚಪ್ಪಟೆ, ಹಾಗಾಗಿ ಕಮಾನು ಒಂದೇ ಎಳೆತಕ್ಕೆ ಮೂರೂ ತಂತಿಯನ್ನು ಮುಟ್ಟುತ್ತದೆ. ಸಂಗೀತ ಕಚೇರಿಯ ಪಿಟೀಲಿಗೆ ಒಗ್ಗಿದ ನಮ್ಮ ಕಿವಿಗೆ ಆ ಒರಟು ಝೇಂಕಾರ ಮೊದಲು ತುಸು ಕಿರಿಕಿರಿ, ಆಮೇಲೆ ಚಟ.

ಒಬ್ಬರೇ ಹೋದವರ ತೊಡಕು ಇಲ್ಲೇ. ಚಾರ್ದಾಶ್ ಜೋಡಿ ಕುಣಿತ, ಜೊತೆಗಾರರಿಲ್ಲದಿದ್ದರೆ ಗೋಡೆಗೆ ಒರಗಿ ನಿಲ್ಲಬೇಕು. ಕರೆದುಕೊಂಡು ಹೋದವರಿದ್ದರೆ ಅವರೇ ಒಬ್ಬರನ್ನು ಜೊತೆ ಮಾಡುತ್ತಾರೆ. ರಬ್ಬರ್ ಅಡಿಯ ಸ್ಪೋರ್ಟ್ಸ್ ಶೂ ಬೇಡ ಎಂದು ಮೊದಲೇ ಹೇಳುವವರೂ ಅವರೇ: ಗಿರಕಿ ಹೊಡೆಯುವಾಗ ಅಡಿ ಮರದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ದೇಹ ತಿರುಗುತ್ತದೆ, ಮಂಡಿ ಉಳುಕುತ್ತದೆ. ನುಣುಪು ಅಡಿಯ ಚರ್ಮದ ಶೂ ಒಳ್ಳೆಯದು. ಕುಡಿಯದವರಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಆ ಊರಿನಲ್ಲಿಲ್ಲ.

ಕುಡಿಯುವವರಿಗೆ ಫ್ರೊಚ್ ಕಲಿಸಲು ಊರಿನವರೇ ಬೇಕು. ವೈನ್ ಮತ್ತು ಸೋಡಾದ ಬೆರಕೆ ಇದು, ಅಳತೆಗೊಂದು ಹೆಸರು. 100 ಮಿ.ಲೀ. ವೈನ್‌ಗೆ 100 ಸೋಡಾ ಹಾಕಿದರೆ ಕಿಶ್‌ಫ್ರೊಚ್, 200ಕ್ಕೆ 100 ಆದರೆ ನಾದ್ಯ್‌ಫ್ರೊಚ್, 100ಕ್ಕೆ 200 ಆದರೆ ಹೊಸ್ಸೂಲೇಪೇಶ್, ಅಂದರೆ 'ಉದ್ದ ಹೆಜ್ಜೆ'. 300ಕ್ಕೆ 200 ಹಾಕಿದ್ದಕ್ಕೆ ಕಟ್ಟಡ ಕಾಯುವವನ ಹೆಸರು, ಹಾಜ್‌ಮೆಶ್ತೆರ್! ಶೇ. 12ರ ವೈನ್ ಆದರೆ ನಾದ್ಯ್‌ಫ್ರೊಚ್ ಶೇ. 8ರಷ್ಟು ಗಟ್ಟಿ, ಬಿಯರ್‌ಗಿಂತ ಜಾಸ್ತಿ. ಉದ್ದ ಹೆಜ್ಜೆ ಶೇ. 4 ಮಾತ್ರ. ಎರಡೂ ಒಂದೇ ಗಾತ್ರದ ಲೋಟದಲ್ಲಿ ಬರುತ್ತವೆ. ಹೆಸರು ಗೊತ್ತಿಲ್ಲದವರು ಇಲ್ಲಿ ಏಮಾರುತ್ತಾರೆ.

ಸಸ್ಯಾಹಾರಿಗಳು ಇನ್ನಷ್ಟು ಏಮಾರುತ್ತಾರೆ. ಬಾರ್‌ಗಳಲ್ಲಿ ಸಿಗುವ ಝೀರೊಶ್ ಕೆನ್ಯೇರ್ ನೋಡಲು ಬೆಣ್ಣೆ ಸವರಿ ಈರುಳ್ಳಿ ಉದುರಿಸಿದ ಬ್ರೆಡ್. ಸವರಿದ್ದು ಹಂದಿಯ ಕೊಬ್ಬು. ಪೊಗಾಚಾ ಎಂಬ ಉಪ್ಪಿನ ಬನ್ನಿನಲ್ಲಿ 'ಶಾಯ್ತೋಶ್' ಎಂದರೆ ಚೀಸಿನದು, 'ತೆಪೆರ್ತೋಶ್' ಎಂದರೆ ಹುರಿದ ಹಂದಿ ಕೊಬ್ಬಿನದು. ಪಕ್ಕದಲ್ಲಿ ಊರಿನವರಿದ್ದರೆ ಕೈ ಹಿಡಿದು ತಡೆಯುತ್ತಾರೆ.

ದುಡ್ಡು ಕೊಡುವಾಗಲೂ ಅಷ್ಟೇ. ನೋಟು ಕೊಡುತ್ತಾ 'ಕೊಸೊನೊಮ್' (ಧನ್ಯವಾದ) ಎಂದಿರೋ, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದು ಅರ್ಥ. ಚಿಲ್ಲರೆ ಕೈಗೆ ಬಂದ ಮೇಲೆ ಧನ್ಯವಾದ ಹೇಳಿ. ಬಿಯರ್ ಲೋಟ ತಾಕಿಸಲು ಕೆಲವರು ಇಂದಿಗೂ ಹಿಂಜರಿಯುತ್ತಾರೆ: 1849ರಲ್ಲಿ ಹದಿಮೂರು ಹಂಗೇರಿಯನ್ ಸೇನಾನಿಗಳನ್ನು ಕೊಂದಾಗ ಆಸ್ಟ್ರಿಯನ್ನರು ಬಿಯರ್ ಲೋಟ ತಾಕಿಸಿ ಸಂಭ್ರಮಿಸಿದರು ಎಂಬ ಐತಿಹ್ಯವಿದೆ. ಇನ್ನು ಬಿಯರ್ ಲೋಟ ತಾಕಿಸೆವು ಎಂದು ಹಂಗೇರಿಯನ್ನರು ತೊಟ್ಟದ್ದು 150 ವರ್ಷದ ಶಪಥವಂತೆ. 1999ಕ್ಕೇ ಮುಗಿದಿದೆ, ಅಭ್ಯಾಸ ಮುಗಿದಿಲ್ಲ. ಹೆಸರು ಹೇಳುವಾಗ ಮನೆತನದ ಹೆಸರು ಅವರಲ್ಲಿ ಮೊದಲು ಬರುತ್ತದೆ. ಇನಿಷಿಯಲ್ ಮುಂದಿಟ್ಟುಕೊಂಡು ಬೆಳೆದ ನಮಗೆ ಅದೇನೂ ವಿಚಿತ್ರವಲ್ಲ.

ಮರಳುವ ದಾರಿಯೂ ಸಲೀಸು. ಪೆಸ್ಟ್ ನಡುಭಾಗದ ದೊಡ್ಡ ವರ್ತುಲ ರಸ್ತೆಯಲ್ಲಿ 6ನೇ ನಂಬರ್ ಟ್ರಾಮ್ ರಾತ್ರಿಯಿಡೀ ಓಡುತ್ತದೆ. ರಾತ್ರಿ ಬಸ್ಸುಗಳ ನಂಬರ್ 9ರಿಂದ ಶುರುವಾಗುತ್ತದೆ.

ವಿರೋಧ: ಕೀಲಿ ಯಾರ ಕೈಯಲ್ಲಿದೆ?

ಮೇಲಿನ ತಾಂತ್ಸ್‌ಹಾಜ್ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂಟಿ ಪ್ರವಾಸಿಗೆ ಅಂಥ ಕರೆ ಎಷ್ಟು ಬಾರಿ ಬರುತ್ತದೆ? ಬರುವ ಕರೆ ಬಾರ್‌ನದು. ಹಾಗೆ ಹೋದವರು ಮೂರು ನಿರ್ಧಾರಗಳನ್ನು ಪರರ ಕೈಗೆ ಕೊಡುತ್ತಾರೆ: ಎಲ್ಲಿಗೆ, ಎಷ್ಟಕ್ಕೆ, ವಾಪಸ್ ಯಾವಾಗ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗೆ.

ಈ ಊರಿನ ಹಳೆಯ ಮೋಸ ನಡೆಯುವುದೇ ಸ್ನೇಹದ ಮುಖವಾಡದಲ್ಲಿ. ವಾತ್ಸಿ ಬೀದಿಯ ಆಸುಪಾಸಿನಲ್ಲಿ ಇಬ್ಬರು ಯುವತಿಯರು ಒಂಟಿ ಗಂಡಸನ್ನು ದಾರಿ ಕೇಳುತ್ತಾರೆ, ನಾಲ್ಕು ಮಾತಾದ ಮೇಲೆ ಹತ್ತಿರದ ಬಾರ್‌ಗೆ ಕರೆಯುತ್ತಾರೆ. ಮೆನುವಿನಲ್ಲಿ ಬೆಲೆ ಇರುವುದಿಲ್ಲ, ಇದ್ದರೂ ಕಣ್ಣಿಗೆ ಬೀಳುವಲ್ಲಿ ಇರುವುದಿಲ್ಲ. ಎರಡು ಲೋಟದ ಬಿಲ್ ಲಕ್ಷ ಫೋರಿಂಟ್ (ಹಂಗೇರಿಯ ನಾಣ್ಯ) ದಾಟಬಹುದು. ಕೊಡುವುದಿಲ್ಲ ಎಂದರೆ ಬಾರ್‌ನ ದಾಂಡಿಗರು ಎಟಿಎಂ ತನಕ 'ಜೊತೆಗೆ' ಬರುತ್ತಾರೆ. ಇಂಥ ಯುವತಿಯರಿಗೆ ಹಂಗೇರಿಯನ್‌ನಲ್ಲಿ ಹೆಸರೇ ಇದೆ, ಕೊಂಜುಮ್‌ಲಾನ್ಯ್. ಹೆಸರಿಡುವಷ್ಟು ಹಳೆಯ ಕಸುಬು! ಪರಿಹಾರ ಒಂದೇ: ಬಾರ್ ನೀವು ಆರಿಸಿ. ಅವರು ಒಪ್ಪದಿದ್ದರೆ ಅಲ್ಲಿಗೇ ಮುಗಿಸಿ. ಸಿಕ್ಕಿಬಿದ್ದರೆ ಕುಳಿತಲ್ಲಿಂದಲೇ 112ಕ್ಕೆ ಕರೆ ಮಾಡಿ, ಎಟಿಎಂಗೆ ನಡೆಯಬೇಡಿ. ಪಿನ್ ಒತ್ತಿ ಕೊಟ್ಟ ಹಣವನ್ನು ಬ್ಯಾಂಕಿನಿಂದ ಮರಳಿ ಪಡೆಯುವುದು ಕಷ್ಟ, ಏಕೆಂದರೆ ದಾಖಲೆಯ ಪ್ರಕಾರ ಒಪ್ಪಿಗೆ ನಿಮ್ಮದೇ.

ಹಾಗಾಗಿ ಹೋಟೆಲ್ ಬಿಡುವ ಮೊದಲು ಬ್ಯಾಂಕ್ ಆ್ಯಪ್ ತೆರೆಯಿರಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ನಮ್ಮ ಕಾರ್ಡುಗಳ ವಿದೇಶಿ ಬಳಕೆಗೆ ಮಿತಿ ಹಾಕುವ, ನಿಲ್ಲಿಸುವ ಸೌಲಭ್ಯ ಇದೆ. ಎಟಿಎಂ ಬಳಕೆ ನಿಲ್ಲಿಸಿ, ಅಂಗಡಿ ಬಳಕೆಗೆ ಐದು ಸಾವಿರ ರೂಪಾಯಿ ಮಿತಿ ಇಡಿ. ಯಂತ್ರ "ರೂಪಾಯಿಯೋ ಫೋರಿಂಟೋ" ಎಂದು ಕೇಳಿದರೆ ಫೋರಿಂಟ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರ ಯಂತ್ರದವರದ್ದಾಗುತ್ತದೆ. ಬಿಲ್‌ನಲ್ಲಿ 'ಸೆರ್ವಿಜ್‌ದೀಯ್' ಎಂಬ ಸಾಲಿದ್ದರೆ ಟಿಪ್ಸ್ ಈಗಾಗಲೇ ಸೇರಿದೆ.

ಕರೆದವರು ಒಳ್ಳೆಯವರೇ ಇರಲಿ, ಆಗ ಕಾಡುವುದು ಪಾಲಿಂಕಾ. ಏಪ್ರಿಕಾಟ್, ಪ್ಲಮ್, ಪಿಯರ್‌ನಂಥ ಹಣ್ಣು ಹುದುಗಿಸಿ ಬಟ್ಟಿ ಇಳಿಸಿದ್ದು. ಕಾನೂನಿನಂತೆ ಕನಿಷ್ಠ ಶೇ. 37.5. ಅಜ್ಜನ ಮನೆಯ ಬಾಟಲಿ ಎಂದು ಹೆಮ್ಮೆಯಿಂದ ತಂದದ್ದು ಶೇ. 50 ದಾಟುವುದೂ ಉಂಟು. ಲೋಟ 40 ಮಿ.ಲೀ. ಮಾತ್ರ, ಆದರೆ ಶೇ. 50ರ ಲೆಕ್ಕದಲ್ಲಿ ಅದರೊಳಗೆ 20 ಮಿ.ಲೀ. ಶುದ್ಧ ಆಲ್ಕೋಹಾಲ್, ಅಂದರೆ ಶೇ. 4ರ ಅರ್ಧ ಲೀಟರ್ ಬಿಯರ್‌ನಷ್ಟು. ಮೇಜಿನಲ್ಲಿ ಐವರಿದ್ದು ಒಬ್ಬೊಬ್ಬರೂ ಒಂದು ಸುತ್ತು ಕೊಡಿಸಿದರೆ ಎರಡೂವರೆ ಲೀಟರ್ ಬಿಯರ್ ಹೊಟ್ಟೆಗಿಳಿದ ಲೆಕ್ಕ. ಬೇಡ ಎನ್ನಲು ಮುಲಾಜು, ಏಕೆಂದರೆ ನೀವು ಅತಿಥಿ. ಲೋಟ ಖಾಲಿ ಮಾಡದೆ ಇಟ್ಟುಕೊಳ್ಳುವುದೊಂದೇ ಉಪಾಯ, ಖಾಲಿಯಾಗಿದ್ದು ಕಂಡರೆ ತುಂಬುತ್ತಾರೆ. ಮಹಿಳೆಯರು ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಹಳೆಯ ಲೋಟ ಮುಟ್ಟದಿರುವುದು ಲೇಸು.

ಇನ್ನು ಬಾರ್ ಆದಮೇಲೆ "ನಮ್ಮ ಮನೆಗೆ ಬನ್ನಿ". ಡ್ಯಾನ್ಯೂಬ್ ನದಿಯ ಪೂರ್ವಕ್ಕಿರುವ ಪೆಸ್ಟ್ ಭಾಗದ ಹಳೆಯ ವಠಾರಗಳಿಗೆ ಬೀದಿಯ ಕಡೆ ಒಂದೇ ದೊಡ್ಡ ಬಾಗಿಲು, ನಡುವೆ ಅಂಗಳ, ಸುತ್ತ ಮೊಗಸಾಲೆ. ಕೆಲವು ಕಟ್ಟಡಗಳಲ್ಲಿ ರಾತ್ರಿ ಹೊರಗೆ ಬರಲೂ ಕೀಲಿ ಬೇಕು. ಮೂರು ಗಂಟೆಗೆ ಹೊರಡಬೇಕೆನಿಸಿದರೆ ನಿದ್ದೆ ಹೋದ ಆತಿಥೇಯರನ್ನು ಎಬ್ಬಿಸಬೇಕು. ಅಂಗಳದಲ್ಲಿ ಆಡಿದ ಪಿಸುಮಾತೂ ನಾಲ್ಕು ಮಹಡಿಗೆ ಕೇಳುತ್ತದೆ. ಏಳನೇ ಜಿಲ್ಲೆಯ ನಿವಾಸಿಗಳು ಗದ್ದಲಕ್ಕೆ ಬೇಸತ್ತು, ಬಾರ್‌ಗಳನ್ನು ಮಧ್ಯರಾತ್ರಿಗೇ ಮುಚ್ಚಬೇಕೇ ಎಂದು 2018ರಲ್ಲಿ ಮತದಾನವನ್ನೇ ನಡೆಸಿದರು. ಸಾಕಷ್ಟು ಮತ ಬೀಳದೆ ಅದು ಅಸಿಂಧುವಾಯಿತು. 'ಸ್ಥಳೀಯರು' ಎಂದರೆ ಅವರೂ ಹೌದಲ್ಲವೇ?

ಭಾರತೀಯ ಪಾಸ್‌ಪೋರ್ಟ್‌ನವರಿಗೆ ಇನ್ನೊಂದು ಪೇಚು. ಪೊಲೀಸರು ಕೇಳಿದರೆ ಮೂಲ ಪಾಸ್‌ಪೋರ್ಟ್ ತೋರಿಸಬೇಕು, ಕಳೆದುಹೋದರೆ ಶೆಂಗೆನ್ ವೀಸಾ ಸ್ಟಿಕ್ಕರೂ ಅದರ ಜೊತೆ ಹೋಯಿತು. ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರ ಊರಿಗೆ ಮರಳಲು ಮಾತ್ರ; ಮರುದಿನದ ವಿಯೆನ್ನಾ ರೈಲು ಮರೆತುಬಿಡಿ. ರಾತ್ರಿ ಹೋಗಲೇಬೇಕೆಂದರೆ ಪಾಸ್‌ಪೋರ್ಟನ್ನು ಅಂಗಿಯೊಳಗಿನ ಚೀಲದಲ್ಲಿಡಿ, ಕುರ್ಚಿಗೆ ನೇತುಹಾಕುವ ಜಾಕೆಟ್ಟಿನಲ್ಲಿ ಬೇಡ.

ಅವರ ಸ್ನೇಹ ಬೇಕೆನಿಸಿದರೆ ನೀವೇ ಹಗಲಿಗೆ ಕರೆಯಿರಿ. ಸಿಂಪ್ಲಾ ಕೆರ್ಟ್‌ನಲ್ಲೇ ಭಾನುವಾರ ಬೆಳಗ್ಗೆ ರೈತರ ಸಂತೆ ಕೂಡುತ್ತದೆ, ಅದೇ ಮುರುಕು ಗೋಡೆಗಳ ನಡುವೆ.