ಸೈಕಲ್ ಮೇಲೆ ಸುಸಲಾ

ತಿನ್ನುವುದಕ್ಕೆಂದೇ ಸೈಕಲ್ ತುಳಿಯುವವರನ್ನು ನಾನು ಮೊದಲು ಕಂಡಿದ್ದು ಮೊಬೈಲಿನಲ್ಲಿ. ಹಳೇ ದಿಲ್ಲಿಯ ಗಲ್ಲಿಗಳಲ್ಲೋ ಬ್ಯಾಂಕಾಕಿನ ಓಣಿಗಳಲ್ಲೋ ಹೆಲ್ಮೆಟ್ ತೊಟ್ಟ ಪರದೇಶದವರು ಸಾಲುಗಟ್ಟಿ ಹೋಗುತ್ತಾರೆ. ಮುಂದಿರುವ ಗೈಡ್ ಕೈಯೆತ್ತಿದರೆ ನಿಲ್ಲುತ್ತಾರೆ. ಬಂಡಿಯವನು ಕೊಟ್ಟಿದ್ದರಲ್ಲಿ ಎಲ್ಲರೂ ಒಂದೊಂದು ತುತ್ತು ತಿಂದು, ಬಾಯಿ ಒರೆಸಿಕೊಂಡು, ಮತ್ತೆ ಪೆಡಲ್ ಮೇಲೆ ಕಾಲಿಡುತ್ತಾರೆ. ಒಂದೊಂದೇ ತುತ್ತು! ಸೈಕಲ್ಲಿನ ಬಗ್ಗೆ ನನಗೇನೂ ಅನ್ನಿಸಲಿಲ್ಲ, ಆ ಒಂದು ತುತ್ತಿನದೇ ಚಿಂತೆಯಾಯಿತು. ನಮ್ಮ ಕಲಬುರಗಿಯಲ್ಲಿ ಇದು ನಡೆದೀತೆ?

ನಡೆಸಿಯೇ ತೋರಿಸ್ತೀನಿ ಅಂದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ನೌಕರಿ, ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದ. ಓಣಿಯ ಗೆಳೆಯರನ್ನೂ ನನ್ನನ್ನೂ ಸೇರಿಸಿ ಒಂದು ದಂಡು ಕಟ್ಟಿದ. ಸೈಕಲ್ಲುಗಳೋ, ಒಂದು ಗೇರಿನದು, ಒಂದು ಯಾರದೋ ಮಗಳ ಗುಲಾಬಿ ಬಣ್ಣದ್ದು. ನನ್ನ ಪಾಲಿಗೆ ಬಂದದ್ದು ಹಾಲಿನವನ ಹಳೇ ಅಟ್ಲಾಸ್, ಬೆಲ್ಲೊಂದು ಬಿಟ್ಟು ಮೈಯೆಲ್ಲ ಸಪ್ಪಳ.

ಆದರೂ ತಿನ್ನುವ ಕೆಲಸಕ್ಕೆ ಸೈಕಲ್ಲಿನಷ್ಟು ಹೇಳಿ ಮಾಡಿಸಿದ ಗಾಡಿ ಇನ್ನೊಂದಿಲ್ಲ ಎಂಬುದನ್ನು ಒಪ್ಪಲೇಬೇಕು. ಕಾರಿನಲ್ಲಿ ಹೋಗುವವನಿಗೆ ಬೋರ್ಡು ಕಾಣುತ್ತದೆ, ವಾಸನೆ ಬರುವುದಿಲ್ಲ. ಮೋಟಾರ್ ಸೈಕಲ್ಲಿನವನಿಗೆ ವಾಸನೆ ಬರುವಷ್ಟರಲ್ಲಿ ಬಂಡಿ ಹಿಂದೆ ಹೋಗಿರುತ್ತದೆ. ಕಾಲ್ನಡಿಗೆಯವನು ಮೊದಲ ಬಂಡಿಯಲ್ಲೇ ಸೋತು ಹೊಟ್ಟೆ ತುಂಬಿಸಿಕೊಂಡು ಮನೆಗೆ ಹಿಂದಿರುಗುತ್ತಾನೆ. ಸೈಕಲ್ಲಿನವನಿಗೆ ಮಾತ್ರ ಒಗ್ಗರಣೆಯ ಘಮ ದೂರದಿಂದಲೇ ಮೂಗಿಗೆ ತಾಗಿ, ನಿಲ್ಲಲೋ ಬೇಡವೋ ಎಂದು ತನ್ನೊಳಗೇ ವಾದ ಮಾಡಿಕೊಳ್ಳಲು ಒಂದಷ್ಟು ಹೊತ್ತು ಸಿಗುತ್ತದೆ. ವಾದದಲ್ಲಿ ಹೊಟ್ಟೆಯೇ ಗೆಲ್ಲುವುದು, ಆ ಮಾತು ಬೇರೆ. ನಮ್ಮದು ಎರೆಮಣ್ಣಿನ ಬಯಲು ಸೀಮೆ, ಘಟ್ಟ ಹತ್ತುವ ತ್ರಾಸಿಲ್ಲ. ಹಂದಿಗಳು ಅಡ್ಡ ಬರುತ್ತವೆ, ಅಷ್ಟೇ.

ಹೊರಟಿದ್ದು ಕೋಟೆಯ ಕಡೆಯಿಂದ. ಗೈಡ್ ಅಂದಮೇಲೆ ಇತಿಹಾಸ ಹೇಳಬೇಕಲ್ಲ, ಅಳಿಯ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿ ಆಯ್ತು, ಒಳಗಿನ ಜಾಮಿಯಾ ಮಸೀದಿ 1367ರದು, ಬೇರೆ ಮಸೀದಿಗಳಂತೆ ಇದಕ್ಕೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಮೇಲೆ ಗುಮ್ಮಟಗಳ ಮುಚ್ಚಿಗೆ. ಯಾಕೆ ಹಾಗೆ ಕಟ್ಟಿದರು ಎಂಬುದಕ್ಕೆ ಪಂಡಿತರು ಸ್ಪೇನಿನ ಕಾರ್ಡೊಬಾದ ಹಳೇ ಮಸೀದಿಯವರೆಗೂ ಹೋಗಿಬರುತ್ತಾರೆ. ನನ್ನ ಅನುಮಾನ ಸರಳ: ಕಟ್ಟಿದವನು ಇಲ್ಲಿ ಒಂದು ಏಪ್ರಿಲ್ ಕಳೆದಿರಬೇಕು. ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬೀಗ ಹಾಕುವ ಊರಿದು. ಸೈಕಲ್ ಪ್ರವಾಸಕ್ಕೆ ಅಳಿಯ ಡಿಸೆಂಬರನ್ನೇ ಆರಿಸಿದ್ದು ಅವನ ಒಂದೇ ಜಾಣತನ.

ಮೊದಲ ನಿಲುಗಡೆ ಸುಸಲಾ. ಬಂಡಿಯ ಅಮ್ಮ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಚುರುಮುರಿಯನ್ನು ಬುಟ್ಟಿಯಿಂದ ಸುರಿದು ನೀರಲ್ಲಿ ಅದ್ದಿದ್ದೇ ತಡ, ಎರಡೂ ಅಂಗೈ ನಡುವೆ ಹಿಂಡಿ ಪರಾತಕ್ಕೆ ಹಾಕುತ್ತಾಳೆ. ಎಲ್ಲ ಗುಟ್ಟೂ ಆ ಹಿಂಡುವುದರಲ್ಲೇ. ಒಂದು ಕ್ಷಣ ಹೆಚ್ಚು ನೆನೆದರೆ ಅಂಬಲಿ, ಕಡಿಮೆಯಾದರೆ ನಡುವೆ ಗಟ್ಟಿ ಕಾಳು. ಅಷ್ಟರಲ್ಲಿ ಕಡಾಯಿಯಲ್ಲಿ ಸಾಸಿವೆ ಸಿಡಿದು, ಶೇಂಗಾ ಕೆಂಪಾಗಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಒಂದರ ಹಿಂದೊಂದು ಬೀಳುತ್ತವೆ. ಚುರುಮುರಿ ಅದರೊಳಗೆ ಹೊರಳಿ ಹಳದಿಯಾಗುತ್ತದೆ. ಕೊನೆಗೆ ಮೇಲೆ ಪುಠಾಣಿ ಹಿಟ್ಟು, ಕೊತ್ತಂಬರಿ, ಲಿಂಬೆ. ಪಕ್ಕಕ್ಕೆ ಮಿರ್ಚಿ ಭಜಿ, ಅದನ್ನು ಕೇಳಿ ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ, ತಾನಾಗಿ ಬರುತ್ತದೆ. ಸುಸಲಾ ಮೆತ್ತಗೆ, ಸಮಾಧಾನದ ತಿಂಡಿ, ಅದರ ಮಗ್ಗುಲಿಗೆ ಸಿಟ್ಟಿನ ಮಿರ್ಚಿ. ಒಂದನ್ನು ಬಿಟ್ಟು ಒಂದು ತಿಂದವರ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ.

ಅಳಿಯನ ಯೋಜನೆಯ ಪ್ರಕಾರ ಮೂವರಿಗೆ ಒಂದು ಪ್ಲೇಟು. ಅಮ್ಮ ಎರಡು ಪ್ಲೇಟು ಕೊಟ್ಟು ನಮ್ಮ ದಂಡನ್ನು ಎಣಿಸಿದಳು. ಮುಖ ಸಣ್ಣದಾಯಿತು.

"ಯಾಕ್ರೀ, ಚಲೋ ಆಗಿಲ್ಲೇನು?"

ಚಲೋ ಆಗ್ಯಾದ ಅಮ್ಮ, ಮುಂದ ಇನ್ನೂ ತಿನ್ನೋದದ, ಹೊಟ್ಟ್ಯಾಗ ಜಾಗಾ ಇಟ್ಟೀವಿ ಎಂದು ಅಳಿಯ ವಿವರಿಸಿದ. ಅವಳಿಗೆ ಅದು ತಲೆಗೇ ಹೋಗಲಿಲ್ಲ. "ರೊಕ್ಕ ಇಲ್ಲಂದ್ರ ನಾಳಿ ಕೊಡ್ರಿ, ಹಿಂಗ ಹಂಚ್ಕೊಂಡು ತಿನ್ನಬ್ಯಾಡ್ರಿ" ಎಂದು ಕೇಳದೇ ಇನ್ನಷ್ಟು ಮಿರ್ಚಿ ಹಾಕಿದಳು. ಮೊದಲ ನಿಲುಗಡೆಯಲ್ಲೇ ಒಂದು ತುತ್ತಿನ ಸಿದ್ಧಾಂತ ಬಿದ್ದುಹೋಯಿತು.

ಬೀಳದೆ ಏನು ಮಾಡೀತು? ನಮ್ಮ ಊರಿನ ಎರಡು ದೊಡ್ಡ ಬಾಗಿಲುಗಳೂ ಉಣ್ಣಿಸಿಯೇ ಹೆಸರಾದವು. ಒಂದು 1422ರಲ್ಲಿ ತೀರಿಕೊಂಡ ಖಾಜಾ ಬಂದೇ ನವಾಜರ ದರ್ಗಾ, ಇನ್ನೊಂದು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದೇವಸ್ಥಾನ. ನಡುವೆ ಸರಿಯಾಗಿ ನಾಲ್ಕು ನೂರು ವರ್ಷ, ನೆನಪಿಡಲು ಸಲೀಸು ಎಂದು ಅಳಿಯನೇ ಹೇಳಿದ. ಶರಣರು ತಮ್ಮ ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವುದು ಬಿಟ್ಟು, ಅವಕ್ಕೆ ಕುಡಿಯಲು ನೀರಿಟ್ಟರು ಎಂದು ಈ ಕಡೆಯ ಹೆಣ್ಣುಮಕ್ಕಳು ಈಗಲೂ ಹಾಡಿ ಹೊಗಳುತ್ತಾರೆ. ಅವರ ದಾಸೋಹದ ಊರಿನಲ್ಲಿ ನಿಂತು, ಸಾಕು, ಎರಡೇ ತುತ್ತು ಎಂದರೆ ಯಾರು ಕೇಳುತ್ತಾರೆ? ಕೆರೆಯ ದಂಡೆಗುಂಟ ಸೈಕಲ್ ತುಳಿಯುವಾಗ ಹೊಟ್ಟೆ ಆಗಲೇ ಭಾರವಾಗಿತ್ತು. ಅಟ್ಲಾಸ್ ಇನ್ನಷ್ಟು ನರಳಿತು.

ಹಳೇ ಊರಿನೊಳಗೆ ದಂಡು ಎರಡಾಯಿತು. ಒಂದು ಪಾಲಿನವರು ತಹರಿ ತಿನ್ನಲು ನಿಂತರು. ಅಕ್ಕಿ, ಮಾಂಸ, ಅರಿಶಿನ ಎಲ್ಲ ಒಂದೇ ದೇಗಿನಲ್ಲಿ ಬೆಂದ ಹಳದಿ ಅನ್ನ, ಕಲಬುರಗಿಯವರು ಬಿರಿಯಾನಿಗಿಂತ ಹೆಚ್ಚು ಹಚ್ಚಿಕೊಂಡಿರುವುದು ಇದನ್ನೇ. ನಾವು ಉಳಿದವರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕಾದೆವು. ಅದೇನೂ ಕಾಯುವ ಕಷ್ಟವಲ್ಲ. ಈ ನೆಲ 1948ರವರೆಗೆ ನಿಜಾಮನದು, ರಾಜ್ಯ ಹೋದರೂ ಚಹಾ ಉಳಿಯಿತು. ಡಿಕಾಕ್ಷನ್ ಬೇರೆ, ಕಾಸಿ ಕಾಸಿ ಕೆನೆಗಟ್ಟಿದ ಹಾಲು ಬೇರೆ, ಕಪ್ಪಿನಲ್ಲಿ ಎರಡೂ ಕೂಡಿ ಸಿಹಿ ಮೇಲೆ ನಿಲ್ಲುತ್ತದೆ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಮೊದಲು ಉಪ್ಪು, ಆಮೇಲೆ ಸಿಹಿ. ಬಾಜೂ ಟೇಬಲಿನ ಹಿರಿಯರೊಬ್ಬರು ನಮ್ಮ ಹೆಲ್ಮೆಟ್ಟುಗಳನ್ನು ನೋಡಿ ಎಲ್ಲಿಂದ ಬಂದಿರಿ ಎಂದು ಕೇಳಿದರು. ಇದೇ ಊರಿನವರು ಎಂದಾಗ ಅವರಿಗೆ ನಮ್ಮ ಆರೋಗ್ಯದ ಚಿಂತೆಯಾಯಿತು. ಆದರೂ ಮಾಲ್‌ಪುರಿ ಎಲ್ಲಿ ತಿನ್ನಬೇಕು ಎಂದು ಹೇಳಲು ಶುರು ಮಾಡಿದರು. ಹೇಳುವುದು ಸಾಲದೆ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದರು.

ಗೈಡ್ ಎನ್ನುವವನ ಕಥೆ ನಮ್ಮೂರಿನಲ್ಲಿ ಹೀಗೇ. ವಿಳಾಸ ಕೇಳಿದರೆ ಬೆರಳು ತೋರಿಸುವವರಲ್ಲ ನಮ್ಮವರು, ಜೊತೆಗೇ ನಡೆದು ಬಾಗಿಲು ಬಡಿದು ಬರುವವರು. ಹಿರಿಯರು ಮುಂದೆ, ಅಳಿಯ ಹಿಂದೆ, ನಾವು ಸೈಕಲ್ ತಳ್ಳುತ್ತ ಅವರ ಹಿಂದೆ. ದಾರಿಯಲ್ಲಿ ಇನ್ನೊಬ್ಬರು ಸೇರಿ, ಆ ಅಂಗಡಿ ಬ್ಯಾಡ, ಈ ಅಂಗಡಿ ಎಂದರು. ನಡುಬೀದಿಯಲ್ಲಿ ಸಣ್ಣದೊಂದು ಜಗಳ. ತುಪ್ಪದಲ್ಲಿ ಕರಿದು ಪಾಕದಲ್ಲಿ ಮಿಂದ ಮಾಲ್‌ಪುರಿ ಕೊನೆಗೆ ಎರಡೂ ಅಂಗಡಿಗಳಿಂದ ಬಂತು. ಯಾರದು ಮೇಲು ಎಂದು ನಾನು ಇಲ್ಲಿ ಬರೆಯುವುದಿಲ್ಲ, ನಾಳೆ ಅದೇ ಓಣಿಯಲ್ಲಿ ಓಡಾಡಬೇಕಾದವನು.

ಇಷ್ಟೆಲ್ಲ ತಿಂದಮೇಲೆ ಒಂದು ಮಾತು ಹೊಳೆಯಿತು. ಕಲಬುರಗಿ ಎಂದರೆ ತೊಗರಿಯ ಕಣಜ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಕೂಡ ಸಿಕ್ಕಿತು. ಆದರೆ ಬೀದಿಯಲ್ಲಿ ತೊಗರಿ ಎಲ್ಲಿ? ಭಜಿ ಕಡಲೆ ಹಿಟ್ಟಿನದು, ಸುಸಲಾ ಅಕ್ಕಿಯದು, ವಡಾ ಪಾವ್ ಸೋಲಾಪುರದ ಕಡೆಯಿಂದ ರೈಲು ಹತ್ತಿ ಬಂದದ್ದು. ತೊಗರಿ ಬೇಳೆ, ಜೋಳದ ರೊಟ್ಟಿ, ಪುಂಡಿ ಪಲ್ಯ ಇವೆಲ್ಲ ಮನೆ ಬಿಟ್ಟರೆ ಖಾನಾವಳಿ, ಬಂಡಿ ಹತ್ತುವ ಜಾಯಮಾನದವಲ್ಲ. ಡಿಸೆಂಬರಿನಲ್ಲಿ ಮಾತ್ರ ತೊಗರಿ ಹಸಿರು ಕಾಯಾಗಿ ಗೋಣಿತಾಟಿನ ಮೇಲೆ ರಾಶಿ ಬೀಳುತ್ತದೆ. ಗಂಜ್ ಕಡೆಯಿಂದ ಬರುವಾಗ ಒಂದು ರಾಶಿ ಕಂಡು ಒಯ್ದೆವು. ಉಪ್ಪು ಹಾಕಿ ಕುದಿಸಿ, ಸಿಪ್ಪೆಯನ್ನು ಹಲ್ಲಿನಲ್ಲಿ ಎಳೆದು ಕಾಳು ತಿನ್ನುವುದು, ಮಾತಾಡುತ್ತ ಕೂತರೆ ಸೇರುಗಟ್ಟಲೆ ಖಾಲಿ.

ಕುದಿಸಿದ್ದು ಅಕ್ಕ. ನಿಲುಗಡೆಗಳ ಪಟ್ಟಿಯಲ್ಲಿ ಅವಳ ಮನೆ ಇರಲಿಲ್ಲ, ಆದರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಹೊಟ್ಟೆ ತುಂಬ್ಯಾದ ಎಂದ ಗೈಡನಿಗೆ, "ಬಂಡ್ಯಾಗ ತಿಂದಿದ್ದು ಊಟೇನೋ?" ಎಂದು ಕೇಳಿದಳು. ಅವನು ಸುಮ್ಮನೆ ಕೈ ತೊಳೆದ.

ರೊಟ್ಟಿ ಮುರಿಯುತ್ತಲೇ ಮುಂದಿನ ಪ್ರವಾಸದ ಲೆಕ್ಕ ಶುರುವಾಯಿತು. ಸಂಕ್ರಾಂತಿ ಕಳೆದಮೇಲೆ ಜೋಳದ ತೆನೆ ಹಾಲುಗಟ್ಟಿ ಬಲಿಯುವಾಗ, ಜೇವರ್ಗಿ ರಸ್ತೆಯ ಕಡೆ ಗುರುತಿನವರ ಹೊಲಕ್ಕೆ ಶೀತನಿ ತಿನ್ನಲು ಹೋಗುವುದು. ಎಳೆ ತೆನೆ ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿದ ಬಿಸಿ ಕಾಳಿಗೆ ಶೇಂಗಾ ಹಿಂಡಿ, ಬೆಲ್ಲ ಕೂಡಿಸಿ ಮುಕ್ಕುವುದು. ನಾನು ಹೆಸರು ಕೊಟ್ಟಿದ್ದೇನೆ, ಅಟ್ಲಾಸ್ ಆದರೂ ನಡೆದೀತು. ಕ್ಯಾರಿಯರ್ ಇರುವುದು ಅದೊಂದಕ್ಕೇ, ಅಕ್ಕ ಕಟ್ಟಿಕೊಡುವ ಮೊಸರಿನ ಗಡಿಗೆಯನ್ನು ಗೇರ್ ಸೈಕಲ್ಲಿನವರು ಎಲ್ಲಿ ಇಟ್ಟುಕೊಳ್ಳುತ್ತಾರೆ?